ಹೊಸ ಬೀಗಕ್ಕೆ ಎಷ್ಟು ಬೆರಳು

ಬಸವೇಶ್ವರನಗರದ ನಮ್ಮ ಮನೆಗೆ ನಾಲ್ಕು ಕೀ ಇದ್ದವು. ಯಜಮಾನರ ಹತ್ತಿರ ಒಂದು, ನನ್ನ ಹತ್ತಿರ ಒಂದು, ಮಗಳ ಹತ್ತಿರ ಒಂದು. ನಾಲ್ಕನೆಯದು ಚಪ್ಪಲಿ ಸ್ಟ್ಯಾಂಡಿನಲ್ಲಿ, ಯಜಮಾನರು ಹಾಕಿ ಬಿಟ್ಟ ಹಳೇ ಬೂಟಿನೊಳಗೆ. ಅದು ನನ್ನ ನಾದಿನಿಗೆ.

ನಾದಿನಿ, ಅಂದರೆ ಯಜಮಾನರ ತಂಗಿ, ಗಂಡನ ಮನೆ ಬಿಟ್ಟು ಎರಡು ಸೂಟ್‌ಕೇಸ್ ಹಿಡಿದು ಬಂದು ಆಗಲೇ ಮೂರು ವರ್ಷವಾಗಿತ್ತು. ಊರಂಚಿನ ಉಲ್ಲಾಳದ ಒಂದು ಶಾಲೆಯಲ್ಲಿ ಗಣಿತದ ಟೀಚರ್. ನಾಲ್ಕೂವರೆಗೆ ಮನೆ ಸೇರುತ್ತಿದ್ದಳು. ನಾವು ಬರುವಷ್ಟರಲ್ಲಿ ಏಳು. ದಿನಾ ಬೂಟಿಗೆ ಕೈ ಹಾಕಿ ಕೀ ತೆಗೆಯುವುದು, ಬೆಳಿಗ್ಗೆ ಮತ್ತೆ ಬೂಟಿಗೇ ಹಾಕಿ ಹೋಗುವುದು. ಆ ಕೀಯನ್ನ ಅವಳ ಕೈಗೇ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ಯಾರೂ ಕೊಡಲಿಲ್ಲ. ನೆಂಟರು ಕೇಳಿದಾಗಲೆಲ್ಲ "ನಾಲ್ಕು ದಿನ ಇರೋಕೆ ಬಂದಿದ್ದಾಳೆ" ಅನ್ನುತ್ತಿದ್ದೆವು. ಒಂದೇ ಮನೆಯಲ್ಲಿದ್ದುಕೊಂಡು ಪ್ರತಿ ಗೌರಿ ಹಬ್ಬಕ್ಕೆ ಅವಳಿಗೆ ತವರಿನ ಬಾಗಿನವನ್ನೂ ಕೊಟ್ಟೆ, ಹೊರಗಿಂದ ಬಂದವಳಿಗೆ ಕೊಟ್ಟ ಹಾಗೆ.

ಹೀಗಿರುವಾಗ ಪಕ್ಕದ ಕ್ರಾಸಿನಲ್ಲಿ ಹಾಡಹಗಲೇ ಕಳ್ಳತನವಾಯಿತು. ಕಳ್ಳ ಬಾಗಿಲು ಒಡೆದೇ ಇರಲಿಲ್ಲ. ಹೂಕುಂಡದ ಕೆಳಗಿದ್ದ ಕೀ ತೆಗೆದುಕೊಂಡು ಮನೆಯವನ ಹಾಗೆ ಒಳಗೆ ಹೋಗಿದ್ದನಂತೆ. ಅವತ್ತೇ ಮಗಳು ಸ್ಮಾರ್ಟ್ ಲಾಕ್ ಹಾಕಿಸೋಣ ಅಂತ ಹಟ ಹಿಡಿದಳು. ಲೈಟು, ಫ್ಯಾನು, ಗೀಸರನ್ನೆಲ್ಲ ಅವಳು ಆಗಲೇ ಫೋನಿಗೆ ಜೋಡಿಸಿದ್ದಳು. ಫ್ಯಾನ್ ಹಾಕೋಕೆ ಮೊದಲು ಫೋನ್ ಹುಡುಕಬೇಕು. ನನಗಂತೂ ಮೈ ಉರಿಯುತ್ತಿತ್ತು. ಆದರೂ ಬೂಟು ನೆನಪಾಗಿ ಹೂಂ ಅಂದೆ.

ಶನಿವಾರ ಮಧ್ಯಾಹ್ನ ನಾನು, ಮಗಳು, ನಾದಿನಿ ಮೂವರೂ ವಿಜಯನಗರದ ಅಂಗಡಿಗೆ ಹೋದೆವು. ಮುಖ ನೋಡಿ ತೆಗೆಯೋದು, ಬೆರಳು ಇಟ್ಟರೆ ತೆಗೆಯೋದು, ನಂಬರ್ ಒತ್ತಿದರೆ ತೆಗೆಯೋದು, ಒಂದೊಂದನ್ನೂ ಅಂಗಡಿಯವರು ಒತ್ತಿ ತೋರಿಸಿದರು. ಮುಖದ್ದು ಬೇಡವೇ ಬೇಡ ಅಂದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಹಾಲಿನ ಪ್ಯಾಕೆಟ್ ತಗೊಳ್ಳೋಕೆ ಹೊರಗೆ ಬಂದರೆ ಗುರುತು ಹಿಡಿಯದೆ ಅಲ್ಲೇ ನಿಲ್ಲಿಸಿಬಿಟ್ಟರೆ? ಕರೆಂಟ್ ಹೋದರೆ ಏನು ಗತಿ ಅಂದೆ. ಸೆಲ್ ಮೇಲೆ ನಡೆಯುತ್ತಂತೆ. ಸೆಲ್ ಮುಗಿದರೆ? ಮಾಮೂಲಿ ಕೀಯೂ ಇದೆಯಂತೆ. "ಅಲ್ಲಾ ಸ್ವಾಮಿ, ಕೊನೆಗೂ ಕೀನೇ ಬೇಕು ಅಂದ್ಮೇಲೆ ಇಷ್ಟೆಲ್ಲ ಯಾಕೆ?" ಅಂತ ಕೇಳಿದ್ದಕ್ಕೆ ಮಗಳು ನನ್ನ ಕೈ ಚಿವುಟಿದಳು.

"ಮನೇಲಿ ಎಷ್ಟು ಜನ ಮೇಡಂ? ಅಷ್ಟು ಜನರ ಬೆರಳು ಸೇರಿಸಬೇಕಾಗುತ್ತೆ."

"ಮೂರು" ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋದನ್ನ ಕೇಳುತ್ತಲೇ ಬೆಳೆದವಳು ನಾನು. ನನ್ನ ತವರಲ್ಲೂ ನನ್ನನ್ನು ಯಾರೂ ಎಣಿಸಿಕೊಳ್ಳುವುದಿಲ್ಲ. ಬಾಯಿಂದ ಮೂರು ಅಂತ ಬಂದ ಮೇಲೆ ನೋಡುತ್ತೇನೆ, ನಾಲ್ಕನೆಯವಳು ನನ್ನ ಪಕ್ಕದಲ್ಲೇ ನನ್ನ ವ್ಯಾನಿಟಿ ಬ್ಯಾಗ್ ಹಿಡಿದುಕೊಂಡು ನಿಂತಿದ್ದಾಳೆ. ಅವಳು ಏನೂ ಕೇಳಿಸದವಳ ಹಾಗೆ "ಅತ್ತಿಗೆ, ಆ ಕಪ್ಪು ಬಣ್ಣದ್ದು ನಮ್ಮ ಬಾಗಿಲಿಗೆ ಒಪ್ಪುತ್ತೆ" ಅಂದಳು. ಅದನ್ನೇ ತಗೊಂಡೆವು.

ಭಾನುವಾರ ಅಂಗಡಿಯ ಮೆಕ್ಯಾನಿಕ್ ಬಂದು ತೇಗದ ಬಾಗಿಲಿಗೆ ತೂತು ಕೊರೆದು ಬೀಗ ಕೂರಿಸಿದ. ಯಜಮಾನರು, ನಾನು, ಮಗಳು ಒಬ್ಬೊಬ್ಬರಾಗಿ ಬೆರಳು ಕೊಟ್ಟೆವು. "ಇನ್ಯಾರಾದ್ರೂ ಇದಾರಾ ಸಾರ್?" ಅಂದ. ನಾದಿನಿ ಒಳಗೆ ಅವನಿಗೇ ಕಾಫಿ ಬೆರೆಸುತ್ತಿದ್ದಳು. ಯಜಮಾನರು ಅಡುಗೆಮನೆ ಕಡೆ ನೋಡಿ, "ಒಬ್ಬರಿದಾರೆ, ಹೋಗಿ ಬಂದು ಮಾಡ್ತಾರೆ" ಅಂದರು. ಹಾಗಾದರೆ ಗೆಸ್ಟ್ ನಂಬರ್ ಕೊಡಿ, ಕೆಲಸದವರಿಗೆಲ್ಲ ಅದನ್ನೇ ಕೊಡೋದು, ಒಂದು ತಿಂಗಳು ನಡೆಯುತ್ತೆ, ಆಮೇಲೆ ಫೋನಲ್ಲಿ ಮುಂದುವರಿಸಿದರೆ ಆಯ್ತು ಅಂದ. ಮಗಳು ನನ್ನ ಮುಖ ನೋಡಿದಳು. ಬೇರೆ ಹೊತ್ತಲ್ಲಿ ಬಾಯಿ ಬಡುಕಿ ಅನ್ನಿಸಿಕೊಳ್ಳೋ ನಾನು ಅವತ್ತು ಮೂಗಿಯಾದೆ.

ಯಜಮಾನರು ಕೆಟ್ಟವರಲ್ಲ. ಆ ಸಂಬಂಧ ಹುಡುಕಿ, ಓಡಾಡಿ, ಮದುವೆ ಮಾಡಿಸಿದವರು ಅವರೇ. ತಂಗಿ ವಾಪಸ್ ಹೋಗಲ್ಲ ಅಂತ ಒಪ್ಪಿಕೊಂಡರೆ ತಾವು ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಅವರಿಗೆ ಅವಳು ಯಾವಾಗಲೂ ನಾಳೆ ಹೊರಡೋಳು.

ತಿಂಗಳು ಕಳೆದದ್ದು ಯಾರಿಗೂ ನೆನಪಿರಲಿಲ್ಲ. ಒಂದು ಮಂಗಳವಾರ ನಾನು, ಯಜಮಾನರು ಒಟ್ಟಿಗೆ ಬಂದು ನೋಡಿದರೆ ನಾದಿನಿ ಮೆಟ್ಟಿಲ ಮೇಲೆ ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಾಳೆ. ಹಿಂದೆಯೇ ಮಗಳೂ ಬಂದಳು. ನಾಲ್ಕೂವರೆಯಿಂದ ಅಲ್ಲೇ ಕೂತಿದ್ದಳಂತೆ. ನಂಬರ್ ಒತ್ತಿದರೆ ಬೀಗ ಕೆಂಪು ದೀಪ ತೋರಿಸಿತಂತೆ.

"ಅಯ್ಯೋ ನಿನ್ನ! ಫೋನ್ ಮಾಡಬಾರದಿತ್ತೇನೇ? ಕೂತಲ್ಲಿಂದಲೇ ಫೋನಲ್ಲಿ ಬೀಗ ತೆಗೀತಿದ್ವಲ್ಲ!" ಅಂತ ಕೂಗಾಡಿದೆ. ನನ್ನ ಮೇಲಿನ ಸಿಟ್ಟನ್ನ ಅವಳ ಮೇಲೆ ತೀರಿಸಿಕೊಂಡೆ.

"ಮಾಡಬೇಕು ಅಂತಾನೇ ಫೋನ್ ತೆಗೆದೆ ಅತ್ತಿಗೆ. ಮರೆತಿದೀರೋ, ಇಲ್ಲ ಬೇಕು ಅಂತಾನೇ ನಿಲ್ಲಿಸಿದೀರೋ ಗೊತ್ತಾಗಲಿಲ್ಲ. ಕೇಳೋಕೆ ಧೈರ್ಯ ಬರಲಿಲ್ಲ."

ನನಗೆ ಅಳು ಬಂತು. ಯಜಮಾನರು ಫೋನ್ ತೆಗೆದು "ಇರು, ಇನ್ನೊಂದು ತಿಂಗಳು ಹಾಕ್ತೀನಿ" ಅಂತ ತಡವರಿಸಿದರು. "ರೀ, ಕೆಲಸದವರಿಗೆ ಕೊಡೋ ನಂಬರನ್ನ ಒಡಹುಟ್ಟಿದೋಳಿಗೆ ಕೊಡ್ತೀರಲ್ಲ!" ಅಂದೆ. ಅಂದದ್ದು ಅವರಿಗಾದರೂ ಅದು ನನಗೂ ಸೇರಬೇಕಾದ ಮಾತೇ.

ನಾದಿನಿ ಪುಸ್ತಕ ಮುಚ್ಚಿ ಎದ್ದಳು. "ಅಣ್ಣ, ನಾನು ವಾಪಸ್ ಹೋಗಲ್ಲ."

ಮೂರು ವರ್ಷದಲ್ಲಿ ಆ ಮಾತನ್ನ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಯಜಮಾನರು ಫೋನ್ ಜೇಬಿಗೆ ಹಾಕಿದರು. ಆಮೇಲೆ ಅವಳ ಕೈ ಹಿಡಿದುಕೊಂಡು "ಗೊತ್ತು ಕಣೇ" ಅಂದರು. ಮಗಳು ಫೋನಲ್ಲಿ ಏನೇನೋ ಒತ್ತಿ ರೆಡಿ ಮಾಡಿದಳು. ಐದು ಸಲ ಹೆಬ್ಬೆರಳು ಇಡಬೇಕು. ಐದು ಸಲವೂ ಅವರೇ ತಂಗಿಯ ಬೆರಳನ್ನ ಒತ್ತಿ ಹಿಡಿದರು.

"ಈಗ ನೀವೇ ತೆಗೆದು ನೋಡಿ ಅತ್ತೆ" ಅಂದಳು ಮಗಳು.

ಬೀಗ ತೆರೆಯಿತು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಹೋದವಳು ನಮ್ಮ ಮುಖದ ಮೇಲೇ ಬಾಗಿಲು ಹಾಕಿಕೊಂಡಳು. ಒಳಗಿಂದ ಬಿಕ್ಕೋ ಸದ್ದು ಕೇಳಿಸಿತು.

ಯಜಮಾನರು ಬೀಗಕ್ಕೆ ಬೆರಳು ಚಾಚಿದರು. ನಾನು ಕೈ ತಡೆದೆ.

"ಬೆಲ್ ಮಾಡಿ" ಅಂದೆ.