ಸತ್ತವರನ್ನು ಬೈಯುವ ಹಕ್ಕು

ಅಚ್ಚಿನ ಮನೆಯಿಂದ ಮಗ ತಂದ ಕರಡು ಪುಟಗಳಲ್ಲಿ ಇನ್ನೂ ಮಸಿಯ ವಾಸನೆಯಿದೆ. ತೀರಿಹೋದ ನನ್ನ ಯಜಮಾನರಿಗೆ ನುಡಿನಮನದ ಪುಸ್ತಕ. ಶಹಾಪುರದಲ್ಲಿ ಅವರ ಜೊತೆ ಪಾಠ ಮಾಡಿದವರೆಲ್ಲ ಬರೆದಿದ್ದಾರೆ. ನೀವೇ ಓದಿ ನೋಡಿ: ಅಜಾತಶತ್ರು, ಮೃದುಭಾಷಿ, ಸರಳ ಸಜ್ಜನ. ಇವರು ಯಾರಪ್ಪ? ಇಂಥವರ ಜೊತೆ ನಾನು ಒಂದು ದಿನವೂ ಸಂಸಾರ ಮಾಡಿದವಳಲ್ಲ. ಮನುಷ್ಯನನ್ನು ಕಳೆದುಕೊಂಡದ್ದಾಯಿತು; ಈಗ ಅವರ ನೆನಪನ್ನೂ ಒಗೆದು ಬೆಳ್ಳಗೆ ಮಾಡಿ ಒಣಗಹಾಕಿದ್ದಾರೆ. ನಾನು ಬಿಡುವವಳಲ್ಲ.

ಇಂಥ ಸಿಟ್ಟು ಬಂದಾಗ ಕೆಂಭಾವಿಯ ದೊಡ್ಡವ್ವ ನೆನಪಾಗುತ್ತಾಳೆ, ನನ್ನ ತಾಯಿಯ ಅಕ್ಕ. ಅಕ್ಷರ ಬಾರದವಳು, ಆದರೆ ಹೆಣದ ಮುಂದೆ ಕೂತು ಹಾಡಿಕೊಂಡು ಅಳುವುದರಲ್ಲಿ ಸುತ್ತಲ ಊರಿಗೆಲ್ಲ ಹೆಸರಾದವಳು. ನಮ್ಮ ಕಡೆ ಬರೀ ಕಣ್ಣೀರು ಹಾಕಿದರೆ ಅಳು ಅನ್ನುವುದಿಲ್ಲ. ಸತ್ತವರ ಬಾಳನ್ನೆಲ್ಲ ಹೇಳಿ ಹೇಳಿ ಅಳಬೇಕು. ನಾನೋ, ಮಾಸ್ತರರ ಹೆಂಡತಿಯಾಗಿ ಬಾಯಿಗೆ ಸೆರಗಿಟ್ಟುಕೊಂಡು ನೀಟಾಗಿ ಅಳುವುದನ್ನು ಕಲಿತೆ, ಕೆಟ್ಟೆ.

ಕಾಲುವೆಗೆ ಹೊಸದಾಗಿ ನೀರು ಬಂದ ಕಾಲ. ಜೋಳದ ಹೊಲಗಳು ಗದ್ದೆಯಾಗಿ, ಪಾಳಿ ನೀರಿಗಾಗಿ ಅಣ್ಣತಮ್ಮಂದಿರೂ ಮಾತು ಬಿಟ್ಟಿದ್ದರು. ಆಗ ದೊಡ್ಡವ್ವನ ಒಬ್ಬಳೇ ಮಗಳು ನೀಲವ್ವ ಜ್ವರ ಬಂದು ತೀರಿಕೊಂಡಳು. ದೊಡ್ಡವ್ವ ಹಾಡಿಕೊಂಡು ಅಳತೊಡಗಿದಳು. ಮಗಳು ಬೆಲ್ಲ ಕದ್ದು ತಿಂದದ್ದು, ಅತ್ತೆಗೆ ಎದುರಾಡಿ ಗಂಡನ ಮನೆ ಬಿಟ್ಟು ಬಂದದ್ದು, ತವರಿನ ಹೊಲ ಹಿಡಿದು ಗಂಡಸರ ಜೊತೆ ಜಗಳಕ್ಕೆ ನಿಂತದ್ದು, ಎಲ್ಲ ಬಂತು. ಕೊನೆಗೆ, "ನಿನ್ನ ಪಾಳಿ ನೀರು ಕದ್ದಾಂವ ಇಲ್ಲೇ ಕುಂತಾನ ನೋಡ ನನ್ನವ್ವಾ!" ಅಂದಳು.

ಕೂತವರೆಲ್ಲ ಮೇಲಿನ ಹೊಲದ ಬಸಣ್ಣನತ್ತ ತಿರುಗಿದರು. ನಮ್ಮ ಸೋದರಮಾವ ಗದರಿದ: "ಏ ತಂಗಿ, ಸುಮ್ಮಿರು. ಸತ್ತಾಕಿ ಮಾನ ಯಾಕ ಕಳೀತಿ? ನಾಕು ಚಲೋ ಮಾತಾಡು."

"ದೇವತಿ ಸತ್ತಿಲ್ಲೋ ಅಣ್ಣಾ, ನನ್ನ ಮಗಳು ಸತ್ತಾಳ. ಆಕಿನ್ನ ನೆನಸಿ ಅಳಾಕತ್ತೀನಿ. ನೀ ಹೇಳೂ ಚಲೋ ಹುಡುಗಿ ಯಾರೋ ಏನೋ, ನಾ ಹಡದಿಲ್ಲ."

ಬಸಣ್ಣ ಎದ್ದ. ಹೊಡೆದಾಟವೇ ಆಗುತ್ತದೆಂದು ನಾನು ಗೋಡೆಗೆ ಸರಿದೆ. "ಹೌದವ್ವಾ, ಕದ್ದೀನಿ," ಅಂದ. "ಕುಡಗೋಲು ಹಿಡಕೊಂಡು ಕಾಲುವಿ ಗುಂಟ ನನ್ನ ಅಟ್ಟಿಸಿಕೊಂಡು ಬಂದ್ಲು. ನನ್ನ ಒಂದು ಚಪ್ಪಲಿ ನೀರಾಗ ಹೋತು. ಇನ್ನೊಂದನ್ನ ಆಕಿನ ತಗೊಂಡು ನನಗ ಒಗದ್ಲು." ಅಷ್ಟು ಹೇಳಿ ಗೊಳೋ ಎಂದು ಅತ್ತುಬಿಟ್ಟ. ಆಮೇಲೆ ಒಬ್ಬೊಬ್ಬರೇ ನೀಲವ್ವನ ಕೈಲಿ ತಿಂದ ಬೈಗುಳ ಹೇಳತೊಡಗಿದರು. ಅಂಗಳದವರು ನಕ್ಕರೋ ಅತ್ತರೋ, ಈಗಲೂ ಹೇಳಲಾರೆ. ಮಾವ ಮಾತ್ರ ಮುಖ ತಿರುಗಿಸಿ ಕೂತಿದ್ದ.

"ಅವ್ವಾ, ಈ ಪುಸ್ತಕಕ್ಕ ನಿನ್ನವೂ ನಾಕು ಸಾಲು ಬೇಕಂತ," ಎಂದ ಮಗ. ಬರೆದುಕೊಟ್ಟೆ. ಓದುತ್ತ ಅವನ ಮುಖ ಸಣ್ಣದಾಯಿತು.

"ಇದೇನಬೇ, ಅಪ್ಪ ಸಿಟ್ಟಿಗೆದ್ದು ಊಟದ ತಾಟು ಗ್ವಾಡಿಗೆ ಒಗದದ್ದು, ಹೆಡ್ ಮಾಸ್ತರ ಕೂಡ ವರ್ಷಗಟ್ಲೆ ಮಾತು ಬಿಟ್ಟದ್ದು? ಮಂದಿ ಏನಂದಾರು?"

"ಇದು ಮೊದಲನೇ ಪುಟದಾಗ ಬರಬೇಕು. ಇಲ್ಲಾಂದ್ರ ಪುಸ್ತಕಾನ ಬ್ಯಾಡ."

ಅಪ್ಪ ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕದ ಮಗ ಅವನು. ಹಾಳೆಯನ್ನು ಮತ್ತೊಮ್ಮೆ ಓದಿದ.

"ಈಸು ಕಲಸ್ತೀನಂತ ಅಪ್ಪ ನನ್ನ ಕಾಲುವಿಗೆ ದೂಡಿದ್ದು ಬರದಿಲ್ಲಲ್ಲವ್ವಾ," ಅಂದ, ಅಳುತ್ತ.

ಪೆನ್ನು ಅವನ ಕೈಗೆ ಕೊಟ್ಟೆ.