ಬರಿಗಾಲಲ್ಲಿ ರಸ್ತೆ ನೋಡುವ ಟೈರಂಗಡಿ ಗುತ್ಯಪ್ಪ

ಬೆಳಗಿನ ಆರು ಗಂಟೆ. ಹೊಸನಗರದಿಂದ ಎಂಟು ಮೈಲಿ ದೂರದ ಸಿಮೆಂಟ್ ರಸ್ತೆಯ ಏರಿನಲ್ಲಿ ಐವತ್ತೆಂಟರ ಗುತ್ಯಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದಾರೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಕಾಲಿನ ಹೆಬ್ಬೆರಳಿನಿಂದ ಪಾಚಿ ಕೆರೆಯುತ್ತಾರೆ. ದೂರದಿಂದ ನೋಡಿದವರು ಏನೋ ಹರಕೆ ಇರಬೇಕು ಎಂದುಕೊಳ್ಳಬೇಕು. ಹಾಲಿನ ಪಿಕಪ್ ಓಡಿಸುವ ಸ್ವಪ್ನಾ ಇವರ ಅಂಗಡಿಯಲ್ಲಿ ನಾಲ್ಕು ಹೊಸ ಟೈರು ಕೇಳಿದ್ದಾರೆ. ಗಾಡಿ ಓಡಾಡುವ ರಸ್ತೆ ನೋಡದೆ ಕೊಡುವುದಿಲ್ಲ ಎಂಬುದು ಇವರ ಹಟ.

"ಚಪ್ಪಲಿ ಹಾಕ್ಕಂಡ್ರೆ ಎಂತದೂ ಗೊತ್ತಾಗಲ್ಲ. ಕಾಲು ಜಾರಿದಲ್ಲಿ ಗಾಡಿನೂ ಜಾರ್ತದೆ" ಎನ್ನುತ್ತಾರೆ.

ಗುತ್ಯಪ್ಪನವರದು ಗೇಣಿ ಒಕ್ಕಲಿನ ಮನೆ. ಹದಿನಾರಕ್ಕೆ ಸಾಗರದ ಪಂಕ್ಚರ್ ಅಂಗಡಿ ಸೇರಿದವರು. ಗಾಳಿ ತುಂಬುವಾಗ ಲಾರಿ ಚಕ್ರದ ಕಬ್ಬಿಣದ ರಿಂಗ್ ಹಾರಿ ಎಡಗೈಯ ಎರಡು ಬೆರಳು ಹೋದದ್ದು ಅಲ್ಲೇ. ಈಗ ಸ್ವಂತ ಅಂಗಡಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಪಂಕ್ಚರ್, ವಾರಕ್ಕೆ ಎರಡು ಮೂರು ಗಾಡಿಗೆ ಹೊಸ ಟೈರು. ತೀರ್ಥಹಳ್ಳಿ ಕಡೆಯಿಂದಲೂ ಬರುತ್ತಾರೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿ, ಅದು ತಯಾರಾದ ವಾರ, ವರ್ಷ ಹೇಳಿದ ಮೇಲೆಯೇ ಗಾಡಿಗೆ ಏರಿಸುತ್ತಾರೆ.

"ಗೋಡೌನಲ್ಲೇ ವಯಸ್ಸಾದ ರಬ್ಬರೂ ಹೊಸದರ ಹಾಗೇ ಹೊಳೀತದೆ. ಹಿಡಿತ ಇರಲ್ಲ."

ಹೀಗೆ ರಸ್ತೆಗೇ ಹೋಗಿ ನೋಡುವ ಅಭ್ಯಾಸ ಮೊದಲಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅವರೇ ಒಪ್ಪುತ್ತಾರೆ. ಮೂರು ಮಳೆಗಾಲದ ಹಿಂದೆ, ಮಣ್ಣುರಸ್ತೆ ಎಂದುಕೊಂಡು ಸ್ವಪ್ನಾ ಅವರಿಗೆ ದಪ್ಪ ಬಟನ್ನಿನ, ಅಂದರೆ ಮೈಮೇಲೆ ರಬ್ಬರಿನ ಉಬ್ಬುಗಳಿರುವ ಟೈರು ಕೊಟ್ಟರು. ಕೆಸರಿನಲ್ಲಿ ಅದು ಚೆನ್ನಾಗಿಯೇ ಹೋಯಿತು. ಆದರೆ ಈ ಏರಿಗೆ ಆಗಷ್ಟೇ ಸಿಮೆಂಟ್ ಬಿದ್ದಿತ್ತು, ಇವರು ಕೇಳಿರಲಿಲ್ಲ. ಒದ್ದೆ ಸಿಮೆಂಟಿನ ಮೇಲೆ ಅಂಥ ಟೈರಿಗೆ ಹಿಡಿತ ಸಾಲದು. ಮಳೆ ಹಿಡಿದು ಪಾಚಿ ಕಟ್ಟಿದಾಗ ಗಾಡಿ ಇಪ್ಪತ್ತು ಕ್ಯಾನ್ ಹಾಲಿನ ಸಮೇತ ಹಿಂದಕ್ಕೆ ಜಾರಿ ಚರಂಡಿಗೆ ಬಿತ್ತು. ಸ್ವಪ್ನಾರ ಕೈ ಮುರಿಯಿತು. ಹೆಂಗಸಿನ ಕೈಗೆ ಸ್ಟೇರಿಂಗ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ಊರು ಆಡಿಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಲು ಸಾಗಿಸುವ ಕೆಲಸವನ್ನು ಬೇರೆಯವರಿಗೆ ಕೊಡುವ ಮಾತೂ ಡೈರಿಯಲ್ಲಿ ನಡೆಯಿತು.

"ನಾಲ್ಕು ದಿನ ನಂಗೆ ಅನ್ನ ಇಳೀಲಿಲ್ಲ. ಐದನೇ ದಿನ ಬೆಳಿಗ್ಗೆ ಡೈರಿಗೆ ಹೋದೆ. ಹಾಲು ಹಾಕಕ್ಕೆ ನಿಂತವರ ಎದುರಿಗೇ ಹೇಳಿದೆ, ತಪ್ಪು ಆ ಹುಡುಗೀದಲ್ಲ, ಟೈರು ಕೊಟ್ಟ ನಂದು ಅಂತ."

ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಇಲ್ಲಿ. ಸ್ವಪ್ನಾರ ಕೆಲಸ ಉಳಿಯಿತು. ಗುತ್ಯಪ್ಪನವರ ಗಿರಾಕಿಗಳು ಆ ವರ್ಷ ಅರ್ಧಕ್ಕರ್ಧ ಕಡಿಮೆಯಾದರು. ಸ್ವಪ್ನಾ ಕೂಡ ಇಷ್ಟು ವರ್ಷ ಬೇರೆ ಅಂಗಡಿಗೇ ಹೋದರು. ಅವರು ಮತ್ತೆ ಬಂದಿರುವುದು ಈ ಸಲವೇ.

ಮಣ್ಣು, ಸಿಮೆಂಟ್ ಎರಡೂ ಇರುವ ಈ ದಾರಿಗೆ ಗುತ್ಯಪ್ಪ ಅಂಚಿನಲ್ಲಿ ಬಟನ್, ನಡುವೆ ಸಣ್ಣ ಸಣ್ಣ ಸೀಳುಗಳಿರುವ, ಭಾರ ತಾಳುವ ಟೈರು ಆರಿಸುತ್ತಾರೆ. ಮರುದಿನ ಬೆಳಿಗ್ಗೆ ತುಂಬಿದ ಕ್ಯಾನುಗಳೊಂದಿಗೆ ಪಿಕಪ್ ಏರಿನ ಬುಡದಲ್ಲಿ ನಿಲ್ಲುತ್ತದೆ. ಜಿಟಿಜಿಟಿ ಮಳೆ. ಗುತ್ಯಪ್ಪ ಪಕ್ಕದ ಸೀಟು ಹತ್ತಿ ಕೂರುತ್ತಾರೆ.

"ನೀವು ಇಳೀರಿ ಗುತ್ಯಪ್ಪಣ್ಣ. ಜಾರಿದ್ರೆ ನಾನೊಬ್ಳೇ ಜಾರ್ತೀನಿ" ಎನ್ನುತ್ತಾರೆ ಸ್ವಪ್ನಾ.

"ಟೈರು ಕೊಟ್ಟೋನು ನಾನು. ನೀ ಗೇರ್ ಹಾಕು ತಂಗಿ."

ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಒಮ್ಮೆ ಸರಿಯುತ್ತದೆ. ಕೆಳಗೆ ನಿಂತ ನಾನು ರಸ್ತೆಯ ಪಕ್ಕಕ್ಕೆ ಸರಿಯುತ್ತೇನೆ. ಚಕ್ರ ಮತ್ತೆ ಹಿಡಿಯುತ್ತದೆ, ಗಾಡಿ ಮೇಲೆ ಹೋಗಿ ನಿಲ್ಲುತ್ತದೆ. ಓಡೋಡಿ ಹತ್ತಿ ನಾನು ಫೋಟೊ ಕೇಳಿದರೆ ಗುತ್ಯಪ್ಪ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಹೆಸರು ಪೇಪರಲ್ಲಿ ಬರದಿದ್ರೂ ನಡೀತದೆ ಮಾರಾಯ್ರೆ. ಗಾಡಿ ಬಿತ್ತು ಅಂತ ಈ ಹುಡುಗಿ ಹೆಸರು ಬರದಿದ್ರೆ ಸಾಕು."