ಬೆಂಡಿಗೆ ಬೆನ್ನು ಹಾಕಿದ ಅಧ್ಯಕ್ಷ

ಲೋಕದಲ್ಲಿ ಗಾಳ ಹಾಕುವವರೆಲ್ಲ ನೀರಿನ ಕಡೆ ಮುಖ ಮಾಡಿ ಕೂರುತ್ತಾರೆ. ಬೆಂಡು ಅಲ್ಲಾಡಿತೋ, ಮುಳುಗಿತೋ ಎಂದು ನೋಡುವುದೇ ಅವರ ಧ್ಯಾನ, ಅದೇ ಅವರ ಮೋಕ್ಷ. ಸಿಂಧನೂರಿನ ಗೆಳೆಯರ ಗಾಳ ಸಂಘದ ಅಧ್ಯಕ್ಷ ಆದಪ್ಪ ಒಬ್ಬನೇ ಬೆಂಡಿಗೆ ಬೆನ್ನು ಹಾಕಿ ಕೂರುತ್ತಿದ್ದ. ಅವನ ಗಾಳದ ದಾರ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ ನೀರಿಗೆ ಬೀಳುತ್ತಿತ್ತು. ಈಚೆಯ ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿರುತ್ತಿತ್ತು.

ಈ ಒಂದು ಭಂಗಿಯಿಂದ ಮೂರು ಊರುಗಳಲ್ಲಿ ಮೂರು ಪುರಾಣ ಹುಟ್ಟಿದವು. ಆದಪ್ಪನ ದೃಷ್ಟಿ ಎಷ್ಟು ಉಗ್ರವೆಂದರೆ ಅವನು ತಿರುಗಿ ನೋಡಿದರೆ ಮೀನು ದಡದ ಹತ್ತಿರ ಸುಳಿಯುವುದಿಲ್ಲ, ಪಾಪ, ಬೆನ್ನು ತೋರಿಸಿ ಅವಕ್ಕೆ ಧೈರ್ಯ ಕೊಡುತ್ತಾನೆ ಎಂದು ಸಿಂಧನೂರಿನವರು ಹೇಳಿದರು. ವೈದ್ಯರು ನಾಡಿ ಹಿಡಿದಂತೆ ಅವನು ಹೆಬ್ಬೆರಳಿನಿಂದಲೇ ಮೀನಿನ ನಾಡಿ ನೋಡಿ ಗಂಡೋ ಹೆಣ್ಣೋ ಹೇಳುತ್ತಾನೆ ಎಂದರು ಮಸ್ಕಿಯವರು. ಸುದ್ದಿ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಚಹದಂಗಡಿ ಮುಟ್ಟುವಷ್ಟರಲ್ಲಿ ಅವನ ತಲೆಯ ಹಿಂದೆ ಒಂದು ಕಣ್ಣು ಮೂಡಿಯಾಗಿತ್ತು. ಅದನ್ನು ಕಂಡವರೂ ಸಿಕ್ಕಿದ್ದರು. ಅವನ ಗಾಳಕ್ಕೆ ಮೀನು ಬೀಳುತ್ತಿತ್ತೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಬಿದ್ದ ಕೆಲವು ಮೀನುಗಳು ಅಪಘಾತದಲ್ಲಿ ತೀರಿಕೊಂಡವು ಎನ್ನಬೇಕು.

ಈ ಮಹಾಪುರುಷನಿಗೆ ಈಸು ಬರುತ್ತಿರಲಿಲ್ಲ.

ಆದಪ್ಪ ಹುಟ್ಟಿದ್ದು ಮಸ್ಕಿಯ ಆಚೆ, ಬರೀ ಬಂಡೆಗಲ್ಲಿನ ಸೀಮೆಯಲ್ಲಿ. ಅಲ್ಲಿ ನೀರು ಇರುತ್ತಿದ್ದುದು ಕೊಡದಲ್ಲಿ, ಮತ್ತು ಕೊಡದಲ್ಲಿ ಯಾರೂ ಈಸುವುದಿಲ್ಲ. ಗೊರೇಬಾಳದ ಕರೆಮ್ಮನನ್ನು ಮದುವೆಯಾಗಿ ಸಿಂಧನೂರಿನಲ್ಲಿ ಹೊಲಿಗೆ ಮಷೀನು ರಿಪೇರಿ ಅಂಗಡಿ ಇಟ್ಟ ಮೇಲೆ ಅವನಿಗೆ ತಿಳಿಯಿತು, ಈ ಕಾಲುವೆ ಸೀಮೆಯೇ ಬೇರೆ. ಇಲ್ಲಿ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಈಸುತ್ತಿದ್ದವು, ಎಮ್ಮೆಗಳು ಈಸುತ್ತಿದ್ದವು, ಹಲ್ಲಿಲ್ಲದ ಮುದುಕಿಯರೂ ಈಸಿ ಆಚೆ ದಡದ ಹುಲ್ಲು ಕೊಯ್ದು ತರುತ್ತಿದ್ದರು. ಹರಿಯುವ ನೀರು ಕಂಡರೆ ಆದಪ್ಪ ಮಾತ್ರ ಹತ್ತಿರದ ಗಿಡವನ್ನು ತಬ್ಬಿಕೊಂಡು ನಿಲ್ಲುತ್ತಿದ್ದ.

ಆದರೂ ಅವನು ದಡಕ್ಕೆ ಹೋದ. ಎದುರಿನ ಚಹದಂಗಡಿಯ ಹಸನ್‌ಸಾಬ್ ಒಂದು ಭಾನುವಾರ ಎಳೆದುಕೊಂಡು ಹೋಗಿದ್ದ. ಇಷ್ಟು ವರ್ಷ ಊರಲ್ಲಿದ್ದರೂ 'ಮಸ್ಕಿ ಕಡೆಯವ' ಎಂದೇ ಕರೆಸಿಕೊಳ್ಳುತ್ತಿದ್ದವನಿಗೆ ಆ ದಡದಲ್ಲಿ ಕೂರಲು ಒಂದು ಜಾಗ ಸಿಕ್ಕಿತು. ಬಂದವರು ಬೇರೆ ಕಡೆ ಕೂರುತ್ತಿದ್ದರು. "ಅದು ಆದಪ್ಪನ ಜಾಗ" ಎನ್ನುತ್ತಿದ್ದರು. ಒಬ್ಬ ಮನುಷ್ಯನಿಗೆ ಊರಿನಲ್ಲಿ ಇದಕ್ಕಿಂತ ಹೆಚ್ಚೇನು ಬೇಕು?

ಸಂಘದ ನಿಯಮಗಳು ಕಠಿಣ. ದಡದಲ್ಲಿ ಮಾತಾಡುವಂತಿಲ್ಲ. ಫೋನುಗಳೆಲ್ಲ ಪೇಂಟಿನ ಖಾಲಿ ಬಕೆಟ್ಟಿನೊಳಗೆ ಹೋಗಬೇಕು, ಮೇಲೆ ಮುಚ್ಚಳ ಬೀಳಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಈಸು ಬಾರದವನು ಸದಸ್ಯನಾಗುವಂತಿಲ್ಲ. ಹೊಸಬನು ಹರಿಯುವ ಕಾಲುವೆಗೆ ಹಾರಿ ಆಚೆ ದಡ ಮುಟ್ಟಿ ಬರಬೇಕು. ಸೀಟಿ ಊದಿದ ಕೂಡಲೇ ಹಾರಬೇಕು. ಮೊದಲ ಪರೀಕ್ಷೆಯ ದಿನ ಎಲ್ಲರ ಹಿಂದೆ ಅಡಗಿ ನಿಂತಿದ್ದ ಆದಪ್ಪನ ಕೈಗೆ ಹಸನ್‌ಸಾಬ್ ಸೀಟಿ ಕೊಟ್ಟಿದ್ದ. ಅಂದಿನಿಂದ ಅದು ಅವನ ಕೊರಳಲ್ಲೇ ಉಳಿಯಿತು. ಸೀಟಿ ಊದುವವನಿಗೆ ಈಸು ಬರುತ್ತದೆಯೇ ಎಂದು ಕೇಳುವ ಅಧಿಕಪ್ರಸಂಗಿ ಇನ್ನೂ ಹುಟ್ಟಿರಲಿಲ್ಲ. ಕೊರಳಲ್ಲಿ ಸೀಟಿ ಇದ್ದವನೇ ಮುಂದೆ ಅಧ್ಯಕ್ಷನೂ ಆದ.

ಅಧಿಕಪ್ರಸಂಗಿ ಈ ಬೇಸಿಗೆಯಲ್ಲಿ ಹುಟ್ಟಿದ. ಹೆಸರು ಕರಿಬಸಯ್ಯ, ಸಂಘದ ಹೊಸ ಕಾರ್ಯದರ್ಶಿ. ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ, ಭಾನುವಾರ ಬೈಕಿನಲ್ಲಿ ಬರುತ್ತಿದ್ದ. ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತದ ಆಸಾಮಿ. ಹಿಡಿದ ಮೀನನ್ನು ಹಸನ್‌ಸಾಬನ ಚೀಲಕ್ಕೆ ಹಾಕಿ, ಕೈ ತೊಳೆದು, ವಿಭೂತಿ ಸರಿಮಾಡಿಕೊಳ್ಳುತ್ತಿದ್ದ. ತಿನ್ನುವ ಆಸೆ ಇಲ್ಲದ್ದರಿಂದ ಅವನ ಪ್ರೀತಿಯೆಲ್ಲ ನಿಯಮಗಳ ಮೇಲೆ ಹರಿದಿತ್ತು.

"ನಿಯಮ ಅಂದ್ರ ಎಲ್ಲಾರಿಗೂ ಒಂದರೀ," ಎಂದ ಸಭೆಯಲ್ಲಿ. "ವರ್ಷಕ್ಕೊಮ್ಮೆ ಹಳಬರೂ ಈಸಿ ತೋರಿಸಬೇಕು. ಈ ಸಲ ಕಾಲುವಿಗೆ ನೀರು ಬಂದ ದಿನಾನ ಶುರು ಮಾಡೂಣು. ಮೊದಲು ಅಧ್ಯಕ್ಷರು ಹಾರ್ಲಿ. ಉಳದವರಿಗೆ ಒಂದು ಹುರುಪು ಬರತೈತಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಆದಪ್ಪನೂ ತಟ್ಟಿದ.

ಬೆಳೆ ಮುಗಿದು ಕಾಲುವೆ ಬಂದ್ ಆಗಿದ್ದ ಕಾಲ ಅದು. ನೀರು ಯಾವಾಗ ಬಿಡುತ್ತಾರೆ ಎಂದು ಸೀಮೆಯ ರೈತರೆಲ್ಲ ಆಸೆಯಿಂದ ಕೇಳುತ್ತಿದ್ದರೆ, ಬಿಡದಿರಲಿ ಎಂದು ದೇವರಿಗೆ ಕಾಯಿ ಒಡೆಸಿದವನು ಆದಪ್ಪ ಒಬ್ಬನೇ. ಅಂಗಡಿಯಲ್ಲಿ ಮಷೀನಿನ ಚಕ್ರ ತಿರುಗಿದ ಸದ್ದು ಕೇಳಿದರೂ ಅವನಿಗೆ ಕಾಲುವೆಗೆ ನೀರು ಬಂದಂತಾಗುತ್ತಿತ್ತು. ಸ್ನಾನಕ್ಕೆ ತಂಬಿಗೆ ನೀರು ಸುರಿದುಕೊಂಡರೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ.

ಕರೆಮ್ಮ ಮುಕ್ಕುಂದದ ಹೊಳೆಯನ್ನೇ ಈಸಿ ದಾಟಿದವಳು. ಗಂಡನನ್ನು ಅಂಗಡಿಯ ಬೆಂಚಿನ ಮೇಲೆ ಬೋರಲು ಮಲಗಿಸಿ ಪಾಠ ಶುರುಮಾಡಿದಳು.

"ಕೈ ಹಂಗ ಬಡೀಬ್ಯಾಡ್ರಿ. ನೀರೇನು ರೊಟ್ಟಿ ಹಿಟ್ಟ?"

"ಉಸುರು ಕಟ್ಟಾಕತ್ತೈತಿ ಲೇ."

"ಬೆಂಚಿನ ಮ್ಯಾಲ ಉಸುರು ಕಟ್ಟಿದ್ರ ಕಾಲುವ್ಯಾಗ ಏನು ಗತಿ? ಹೋಗಿ ಖರೇ ಹೇಳಿಬಿಡ್ರಿ."

"ಹೇಳಿದ್ರ ನನ್ನ ಜಾಗ ಹೋಗತೈತಿ."

"ಹೇಳಲಿಲ್ಲಂದ್ರ ನೀವ ಹೋಗ್ತೀರಿ."

ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದಳು. ಆದಪ್ಪ ಬೋರಲಾಗಿದ್ದಂತೆಯೇ ಬೆಂಚಿನ ಕೆಳಗೆ ಸೂಜಿ ಹುಡುಕುವವನಂತೆ ನಟಿಸಿದ.

ಭಾನುವಾರ ಬಂತು. ಗೊರೇಬಾಳದ ಆಚೆ ಕಾಲುವೆಯ ತಳ ಒಂದು ಕಡೆ ದೊಡ್ಡ ಮೆಟ್ಟಿಲಿನಂತೆ ಕೆಳಕ್ಕೆ ಇಳಿಯುತ್ತದೆ. ಉಳಿದ ಕಾಲುವೆ ಒಣಗಿದರೂ ಆ ಮೆಟ್ಟಿಲ ಬುಡದ ಮಡುವಿನಲ್ಲಿ ನೀರೂ ಮೀನೂ ನಿಂತಿರುತ್ತವೆ. ಸಂಘದವರು ಎಂದಿನಂತೆ ಮೆಟ್ಟಿಲ ಅಂಚಿನಲ್ಲಿ ಸಾಲಾಗಿ ಕೂತು, ಒಣ ಕಾಲುವೆಗೆ ಬೆನ್ನು ಹಾಕಿ, ಮಡುವಿಗೆ ಗಾಳ ಇಳಿಬಿಟ್ಟರು. ಆದಪ್ಪ ಮಾತ್ರ ಮಡುವಿಗೆ ಬೆನ್ನು ಹಾಕಿ, ಹೆಬ್ಬೆರಳಿಗೆ ದಾರ ಸುತ್ತಿ, ಒಣ ಕಾಲುವೆಯನ್ನೇ ನೋಡುತ್ತ ಕೂತ.

ಬಕೆಟ್ಟು ಗುರ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುರ್ ಎಂದಿತು. ಹಸನ್‌ಸಾಬ್ ಮುಚ್ಚಳದ ಕಡೆ ಕೈ ಚಾಚಿದ. ಕರಿಬಸಯ್ಯ ತುಟಿಯ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದ. ನಿಯಮ ನಿಯಮವೇ.

ದೂರದಲ್ಲಿ ಕಾಲುವೆಯೊಳಗಿಂದ ಒಂದು ಬೆಳ್ಳಕ್ಕಿ ಎದ್ದಿತು. ಅದರ ಈಚೆಗೆ ಇನ್ನೊಂದು, ಇನ್ನೂ ಈಚೆಗೆ ಮತ್ತೊಂದು. ಯಾರೋ ಅವನ್ನು ಎಬ್ಬಿಸುತ್ತ ಇತ್ತ ಬರುತ್ತಿದ್ದಂತಿತ್ತು. ಆಮೇಲೆ ಕಾಲುವೆಯ ತಿರುವಿನಲ್ಲಿ ಕಂದು ಬಣ್ಣದ ಅಂಚೊಂದು ಕಾಣಿಸಿತು. ಹುಲ್ಲು, ಬಾಟಲಿ, ಒಂಟಿ ಚಪ್ಪಲಿಗಳನ್ನು ಮುಂದೆ ದೂಡಿಕೊಂಡು, ಅವಸರವಿಲ್ಲದಂತೆ ಕಂಡರೂ ಬಲು ಬೇಗ ಅದು ಬರುತ್ತಿತ್ತು.

ಕೂಗಲು ಆದಪ್ಪ ಬಾಯಿ ತೆರೆದ. ಒಳಗೆ ದನಿಯೇ ಇರಲಿಲ್ಲ. ಕೈ ಕೊರಳಿಗೆ ಹೋಯಿತು. ಇದ್ದ ಉಸಿರನ್ನೆಲ್ಲ ತುಂಬಿ ಸೀಟಿ ಊದಿದ.

ಆ ಸಂಘದಲ್ಲಿ ಸೀಟಿಗೆ ಒಂದೇ ಅರ್ಥವಿತ್ತು. ಸಂಘದ ಅತ್ಯಂತ ವಿಧೇಯ ಸದಸ್ಯ, ಲಾರಿ ಡ್ರೈವರ್ ಭೀಮೇಶ, ಲುಂಗಿ ಸಮೇತ ಮಡುವಿಗೆ ಹಾರಿದ.

ಉಳಿದವರು ತಾವೂ ಹಾರಬೇಕೋ ಏನೋ ಎಂದು ಎದ್ದರು. ಎದ್ದದ್ದರಿಂದ ಹಿಂದೆ ತಿರುಗಿದರು, ತಿರುಗಿದ್ದರಿಂದ ನೀರು ಕಂಡರು, ಕಂಡದ್ದರಿಂದ ಪಕ್ಕದ ಸಿಮೆಂಟು ಇಳಿಜಾರು ಹತ್ತಿ ಓಡಿದರು. ಎಲ್ಲರಿಗಿಂತ ಮುಂದೆ, ಹೆಬ್ಬೆರಳಿನ ದಾರದಲ್ಲಿ ಬೆಂಡು ಎಳೆದುಕೊಂಡೇ ಅಧ್ಯಕ್ಷರು ಓಡಿದರು. ಕೆಳಗಿನಿಂದ ದನಿ ಬಂತು.

"ಬರೋಬ್ಬರಿ ಹಾರಿದ್ನಿಲ್ರೀ, ಅಧ್ಯಕ್ಷರ?"

ಭೀಮೇಶ ಮಡುವಿನ ನಡುವೆ ತೇಲುತ್ತ, ಮೆಚ್ಚುಗೆಗೆ ಕಾಯುತ್ತಿದ್ದ. ಮೆಟ್ಟಿಲ ಮರೆಯಲ್ಲಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ಆದಪ್ಪ ತಾನೇ ಊದಿದ ಸೀಟಿಯನ್ನು ನೋಡಿಕೊಂಡ. ಹಸನ್‌ಸಾಬನ ಕೈಯಿಂದ ಬಿದಿರಿನ ಗಾಳದ ಕೋಲು ಕಿತ್ತುಕೊಂಡು, ಹತ್ತಿದ ಇಳಿಜಾರನ್ನು ಕುಂಡಿಯ ಮೇಲೆ ಜಾರುತ್ತ ಇಳಿದ. ದೇಹವೆಲ್ಲ ಬೇಡ ಬೇಡ ಎನ್ನುತ್ತಿತ್ತು. ಮಡುವಿನ ಅಂಚಿನಲ್ಲಿ ಕಣ್ಣು ಮುಚ್ಚಿ ಕೋಲು ಚಾಚಿದ. ಮೆಟ್ಟಿಲ ಮೇಲಿಂದ ನೀರು ಗುಡುಗುತ್ತ ಧುಮುಕಿತು. ಪಾದ ಮುಳುಗಿತು, ಮೀನಖಂಡ ಮುಳುಗಿತು. ಕೋಲು ಒಮ್ಮೆಲೇ ಭಾರವಾಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಸೊಂಟದ ಉಡದಾರ ಹಿಡಿದರು, ಅವರನ್ನು ಇನ್ಯಾರೋ ಹಿಡಿದರು. ಅಧ್ಯಕ್ಷ, ಕೋಲು, ಭೀಮೇಶ, ಮೂರೂ ಒಟ್ಟಿಗೆ ಮೇಲೆ ಬಂದವು. ಆ ಸಂಘ ಹಿಡಿದ ಅತಿ ದೊಡ್ಡ ಮೀನು ಅದೇ. ಲುಂಗಿ ಮಾತ್ರ ಗೊರೇಬಾಳ ದಾಟಿ ಹೋಯಿತು.

ದಡದ ಮೇಲೆ ಎಲ್ಲರೂ ಏದುಸಿರು ಬಿಡುತ್ತ ಕೂತರು. ಹಸನ್‌ಸಾಬ್ ಓಡುವಾಗ ಮರೆಯದೆ ತಂದಿದ್ದ ಬಕೆಟ್ಟು ಮತ್ತೆ ಗುರ್ ಎಂದಿತು. ಈ ಸಲ ಯಾರೂ ತಡೆಯಲಿಲ್ಲ. ಫೋನಿನಲ್ಲಿ ಕರೆಮ್ಮ ಅಳುತ್ತಿದ್ದಳು: "ಕುಡಿಯೋ ನೀರಿಗೆ ಅಂತ ಕಾಲುವಿಗೆ ನೀರು ಬಿಟ್ಟಾರಂತ್ರೀ. ಗೊರೇಬಾಳದಾಗ ಆಟೋದಾಗ ಕೂಗಿ ಹೋಗ್ಯಾರ. ಮ್ಯಾಲ ಏಳ್ರಿ."

"ಎದ್ದೀವಿ," ಎಂದ ಆದಪ್ಪ. ಹಲ್ಲು ಕಟಕಟ ಎನ್ನುತ್ತಿದ್ದವು.

ಕರಿಬಸಯ್ಯ ಬಂದು ಕೈಮುಗಿದು ನಿಂತ. ಅವನ ವಿಭೂತಿ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು.

"ಅಧ್ಯಕ್ಷರ, ನಿಮಗ ಪರೀಕ್ಷಾ ಇಡಾಕ ಹೊಂಟಿದ್ನಲ್ಲ, ನಂದು ತಪ್ಪಾತು. ನೀರು ಬರೂದು ನಿಮಗ ಮೊದಲ ಗೊತ್ತಾಗತೈತಿ. ಜನ ಹೇಳೂದು ಖರೇ ಐತಿ. ಇನ್ನ ಪರೀಕ್ಷಾ ಗಿರೀಕ್ಷಾ ಏನೂ ಬ್ಯಾಡ. ಮುಂದಿನ ವಾರ ಮುಕ್ಕುಂದದ ಹೊಳಿಗೇ ಹೋಗೂಣು. ಮಕ್ಕಳು ಮರೀನೂ ಕರಕೊಂಡು ಬರ್ತೀವಿ. ನೀವು ಅದೀರಿ ಅಂದ್ರ ನಮಗ್ಯಾತರ ಅಂಜಿಕಿ?"

ಎಲ್ಲರೂ ಹೌದು ಹೌದು ಎಂದರು. ಭೀಮೇಶ ಟವೆಲ್ ಸುತ್ತಿಕೊಂಡು ಎಲ್ಲರಿಗಿಂತ ಜೋರಾಗಿ ಹೌದೆಂದ.

ಆದಪ್ಪ ಇಷ್ಟು ದಿನ ಬೇಡಿಕೊಂಡಿದ್ದು ಇದನ್ನೇ. ಸುಮ್ಮನೆ ಒಂದು ಸಲ ನಕ್ಕರೆ ಸಾಕಿತ್ತು. ಜಾಗ ಉಳಿಯುತ್ತಿತ್ತು, ಸೀಟಿ ಉಳಿಯುತ್ತಿತ್ತು, ಪುರಾಣಕ್ಕೆ ಇನ್ನೊಂದು ಅಧ್ಯಾಯ ಸೇರುತ್ತಿತ್ತು. ಆದರೆ ಅವನಿಗೆ ಮುಕ್ಕುಂದದ ಹೊಳೆ ಕಣ್ಣಿಗೆ ಕಟ್ಟಿತು. ಅದರ ಅಂಚಿನಲ್ಲಿ ಇವರ ಮಕ್ಕಳು ಸಾಲಾಗಿ ಕೂತಿದ್ದರು, ತನ್ನ ಒಂದು ಬೆನ್ನನ್ನು ನಂಬಿ. ನೀರಿಗೆ ಅಂಜಿದ್ದಕ್ಕಿಂತ ಹೆಚ್ಚು ಈಗ ಅಂಜಿದ.

ಹಸನ್‌ಸಾಬ್ ಅವನ ಪಕ್ಕಕ್ಕೆ ಕುಕ್ಕರಿಸಿದ. "ಆದಪ್ಪ, ಇಷ್ಟು ವರ್ಷ ಕೇಳಿಲ್ಲ, ಇವತ್ತ ಕೇಳ್ತೀನಿ. ಎಲ್ಲಾರೂ ಬೆಂಡು ನೋಡಕೊಂತ ಕುಂತ್ರ ನೀ ಯಾಕ ಬೆನ್ನು ತಿರುವಿ ಕುಂದರ್ತಿ? ಅದರಾಗ ಏನು ವಿದ್ಯೆ ಐತಿ?"

ಆದಪ್ಪ ಕೊರಳಿನ ಸೀಟಿ ತೆಗೆದು ಅವನ ಕೈಗಿಟ್ಟ.

"ನನಗ ಈಸು ಬರಂಗಿಲ್ಲ, ಹಸನ್‌ಸಾಬ್. ನೀರು ಬಂದ್ರ ಎಲ್ಲಾರಿಗಿಂತ ಮೊದಲು ಓಡಬೇಕಲ್ಲ, ಅದಕ್ಕ ಅದು ಬರೋ ಕಡೆ ನೋಡಕೊಂತ ಕುಂದರ್ತೀನಿ."